ಕಣದ ಕಥೆ ಬಾಣಲೆಯಲ್ಲಿ

(ಚಿಕ್ಕಮಗಳೂರಿನಲ್ಲಿ ಸಣ್ಣ ಬೆಳೆಗಾರರು ಮತ್ತು ಕಾಫಿ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಈ ವರ್ಷ ಚೆರಿಗೆ, ಅಂದರೆ ಹಣ್ಣಾಗಿಯೇ ಒಣಗಿಸಿದ ಕಾಫಿಗೆ, ಓಟಿ (ಚೀಲಕ್ಕೆ ಸಿಗುವ ಸಿಪ್ಪೆ ತೆಗೆದ ಬೀಜದ ಕೆ.ಜಿ. ಲೆಕ್ಕ) ಎಷ್ಟು ಬಂತು ಎಂದು ಕೇಳಿದರೆ ಇಲ್ಲಿ ಕೂತವರಲ್ಲಿ ಯಾರೂ ತಡವರಿಸುವುದಿಲ್ಲ. 50 ಕೆ.ಜಿ. ಚೀಲಕ್ಕೆ 26 ಬಂತು, 27 ಬಂತು, ಪಕ್ಕದ ತೋಟದವರಿಗೆ 28 ಬಂದಿದೆಯಂತೆ ಆದರೆ ಅವರ ಮಾತು ನಂಬುವ ಹಾಗಿಲ್ಲ, ಇಷ್ಟೂ ನಾಲಿಗೆ ತುದಿಯಲ್ಲಿರುತ್ತದೆ. ಮಾಯಿಶ್ಚರ್ ಎಷ್ಟಿತ್ತು, ಯಾವ ದಿನದ ರೇಟಿಗೆ ಕೊಟ್ಟಿರಿ, ಕೊಟ್ಟ ಮಾರನೇ ವಾರ ರೇಟು ಎಷ್ಟು ಏರಿ ಹೊಟ್ಟೆ ಉರಿಸಿತು, ಅದೂ ನೆನಪಿದೆ. ಈಗ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ತೋಟದ ಕಾಫಿಯ ರುಚಿ ಹೇಗಿದೆ? ಪಕ್ಕದ ತೋಟದ್ದಕ್ಕಿಂತ ಮೇಲೋ, ಕೆಳಗೋ?

ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ.

ಬೆಳೆದವನೇ ತಿಂದು ನೋಡದೆ ಮಾರುವ ಬೆಳೆ ನಮ್ಮ ಸೀಮೆಯಲ್ಲಿ ಬೇರೆ ಯಾವುದಿದೆ ಹೇಳಿ. ಗದ್ದೆಯವರು ಹೊಸ ಅಕ್ಕಿ ಅನ್ನ ಉಣ್ಣುತ್ತಾರೆ. ನಮ್ಮದೇ ಬಳ್ಳಿಯ ಮೆಣಸು ನಮ್ಮದೇ ಸಾರಿಗೆ ಬೀಳುತ್ತದೆ. ಕಾಫಿ ಮಾತ್ರ ಒಣಗಿಸುವ ಕಣದಿಂದ ಲಾರಿ ಹತ್ತುತ್ತದೆ, ಸಂಜೆ ಪೇಟೆಯಿಂದ ಪುಡಿ ಪೊಟ್ಟಣ ಮನೆಗೆ ಬರುತ್ತದೆ. ಮನೆಯಲ್ಲಿ ಕಾಫಿ ಹುರಿಯುವುದು ಹೇಗೆ ಎಂದು ಹೇಳಲು ನನ್ನನ್ನು ಕರೆದಿದ್ದಾರೆ, ಅದನ್ನು ಹೇಳುತ್ತೇನೆ. ಆದರೆ ಏಕೆ ಹುರಿಯಬೇಕು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಸಲಿಕ್ಕೆ ಬೇಡ, ಗ್ಯಾಸು ಮತ್ತು ನಿಮ್ಮ ಹೊತ್ತು ಲೆಕ್ಕ ಹಾಕಿದರೆ ಉಳಿಯುವುದು ಅಷ್ಟಕ್ಕಷ್ಟೇ. ನಿಮ್ಮ ಕೊಯ್ಲು, ಹಣ್ಣಿನ ಸಿಪ್ಪೆ ಬಿಡಿಸುವ ನಿಮ್ಮ ಪಲ್ಪರ್, ನಿಮ್ಮ ಕಣ ಬೀಜಕ್ಕೆ ಏನು ಮಾಡಿದೆ ಎಂದು ಕಣ್ಣಾರೆ ನೋಡಲಿಕ್ಕೆ ಹುರಿಯಿರಿ. ವ್ಯಾಪಾರಿಗೆ ಇದು ಗೊತ್ತು. ದೊಡ್ಡ ಖರೀದಿದಾರರು ಸ್ಯಾಂಪಲ್ ಹುರಿದು, ಬಿಸಿನೀರಲ್ಲಿ ನೆನೆಸಿ, ಚಮಚದಲ್ಲಿ ಹೀರಿ ನೋಡಿಯೇ ಮಾತಿಗೆ ಬರುವುದು. ಮೇಜಿನ ಆ ಬದಿಯವರಿಗೆ ಮಾಲಿನ ರುಚಿ ಗೊತ್ತಿದೆ, ಈ ಬದಿಯ ನಮಗೆ ಗೊತ್ತಿಲ್ಲ. ಚೌಕಾಸಿ ಹೇಗೆ ಮಾಡುತ್ತೀರಿ?

ಇದು ಯಾವಾಗಲೂ ಹೀಗಿರಲಿಲ್ಲ. ಇಲ್ಲಿರುವ ಹಿರಿಯರಿಗೆ ನೆನಪಿರಬಹುದು, ಎಷ್ಟೋ ಮನೆಗಳಲ್ಲಿ ಕೈಯಲ್ಲಿ ತಿರುಗಿಸುವ ಕಬ್ಬಿಣದ ಡ್ರಮ್ ಇರುತ್ತಿತ್ತು. ಕೆಂಡದ ಮೇಲಿಟ್ಟು ಹಿಡಿ ತಿರುಗಿಸುತ್ತಾ ಕೂರುವ ಕೆಲಸ ಮನೆಯ ಮಕ್ಕಳ ಪಾಲಿಗೆ. ಹೊರಗಿನ ಲೋಕದಲ್ಲೂ ಅಷ್ಟೇ. 1864ರಲ್ಲಿ ನ್ಯೂಯಾರ್ಕಿನ ಜೇಬೆಜ್ ಬರ್ನ್ಸ್ ಎಂಬಾತ, ಹುರಿದ ಬೀಜವನ್ನು ತಾನೇ ಹೊರಗೆ ಸುರಿಯುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಕಾರ್ಖಾನೆಯ ಹುರಿತ ಜೋರಾಗಿದ್ದು ಆಮೇಲೆ. ಅದಕ್ಕೆ ಮುಂಚೆ ಅಮೆರಿಕದ ಮನೆಗಳಲ್ಲೂ ಹಸಿ ಬೀಜ ತಂದು ಒಲೆಯ ಮೇಲೆ ಹುರಿಯುವುದೇ ರೂಢಿ. ಕಾಫಿಯ ತವರಾದ ಇಥಿಯೋಪಿಯಾದಲ್ಲಂತೂ ನೆಂಟರು ಬಂದರೆ ಇವತ್ತಿಗೂ ಅವರ ಎದುರಿಗೇ ಹುರಿದು, ಕುಟ್ಟಿ, ಕುದಿಸಿ ಕೊಡುತ್ತಾರೆ.

ನಮ್ಮ ಕೈತಪ್ಪಿದ್ದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ, ಕಾನೂನೂ ಇತ್ತು. ಎರಡನೇ ಮಹಾಯುದ್ಧ ಶುರುವಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಕಾಫಿಯನ್ನೆಲ್ಲ ಒಟ್ಟು ಸೇರಿಸಿ ಮಾರುವ ಪೂಲ್ ವ್ಯವಸ್ಥೆ ಬಂತು. 1942ರ ಕಾಫಿ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಮನೆ ಖರ್ಚಿಗೆ, ಬಿತ್ತನೆಗೆ ಇಷ್ಟು ಎಂದು ಬಿಟ್ಟರೆ ಬೆಳೆದದ್ದೆಲ್ಲ ಬೀಜ ಸುಲಿದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಮೂಲಕ ಸರ್ಕಾರದ ಕಾಫಿ ಬೋರ್ಡಿನ ರಾಶಿಗೆ. ದುಡ್ಡು ಕಂತುಕಂತಾಗಿ ಬರುತ್ತಿತ್ತು. ಆ ವ್ಯವಸ್ಥೆ ಸಣ್ಣವರನ್ನು ಕಾಪಾಡಿತು ಎನ್ನುವವರಿದ್ದಾರೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಕಾಫಿ ಕುಡಿದವರು ಯಾರು, ಕುಡಿದು ಏನೆಂದರು ಎನ್ನುವ ಸುದ್ದಿ ಎರಡು ತಲೆಮಾರು ತೋಟಕ್ಕೆ ವಾಪಸು ಬರಲೇ ಇಲ್ಲ. 1990ರ ದಶಕದಲ್ಲಿ ಗಂಟು ಒಂದೊಂದಾಗಿ ಸಡಿಲವಾಗಿ 1996ರ ಹೊತ್ತಿಗೆ ಪೂರ್ತಿ ಬಿಟ್ಟಿತು. ಈಗ ಯಾರಿಗೆ ಬೇಕಾದರೂ ಮಾರಬಹುದು. ಹುರಿಯುವ ಅಭ್ಯಾಸ ಮಾತ್ರ ಕಾನೂನಿನ ಜತೆ ವಾಪಸು ಬರಲಿಲ್ಲ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಈ ನೆಲದ ಕಾಫಿಗೆ ಅದರದ್ದೇ ಗುಣ ಇದೆ ಎಂದು ಸರ್ಕಾರ ಮುದ್ರೆ ಒತ್ತಿದೆ. ಆ ಗುಣ ಏನು ಎಂದು ಆಲ್ದೂರಿನಲ್ಲೋ ಮಲ್ಲಂದೂರಿನಲ್ಲೋ ನಿಂತು ಕೇಳಿದರೆ ಎಷ್ಟು ಮನೆಯಲ್ಲಿ ಉತ್ತರ ಸಿಗುತ್ತದೆ?

ಇಲ್ಲಿ ಒಂದು ಸಣ್ಣ ಅಡ್ಡಮಾತು. ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದ ಕಥೆ ನಮಗೆಲ್ಲ ಗೊತ್ತು. ಅರಬರು ಮೊಳಕೆ ಬರುವ ಬೀಜ ಹೊರಗೆ ಬಿಡುತ್ತಿರಲಿಲ್ಲ, ಬೇಯಿಸಿಯೋ ಹುರಿದೋ ಕೊಡುತ್ತಿದ್ದರು ಎನ್ನುತ್ತದೆ ಆ ಕಥೆ. ಅಂದರೆ ನಮ್ಮ ಜಿಲ್ಲೆಯ ಪುಣ್ಯವೆಲ್ಲ ಯಾರೂ ಹುರಿಯದೆ ಉಳಿದ ಏಳು ಬೀಜದ ಮೇಲೆ ನಿಂತಿದೆ! ಅಲ್ಲಿಂದ ಇಲ್ಲಿಯವರೆಗೆ ಹುರಿಯದೆಯೇ ಕಳಿಸುತ್ತಿದ್ದೇವೆ. ಸಾಕು, ಈಗ ಒಲೆ ಹಚ್ಚೋಣ.

ಮೊದಲು ಬೀಜ. ತೋಟ ಇರುವವರು ಪಾರ್ಚ್‌ಮೆಂಟನ್ನೋ (ಪಲ್ಪ್ ಮಾಡಿ ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ಒಣ ಚೆರಿಯನ್ನೋ ಸಿಪ್ಪೆ ಸುಲಿಯುವ ಹಲ್ಲರ್ ಮಿಲ್ಲಿಗೆ ಕೊಡುವಾಗ ಒಂದೆರಡು ಕೆ.ಜಿ. ಬೇರೆ ಹಿಡಿಸಿಕೊಳ್ಳಿ. ಸ್ವಲ್ಪವೇ ಬೇಕಾದರೆ ಒರಳಿನಲ್ಲಿ ಹಗುರವಾಗಿ ಒನಕೆ ಆಡಿಸಿದರೂ ಪಾರ್ಚ್‌ಮೆಂಟಿನ ಸಿಪ್ಪೆ ಬಿಡುತ್ತದೆ. ತೋಟ ಇಲ್ಲದ ಪೇಟೆಯವರಿಗೆ ಚಿಕ್ಕಮಗಳೂರಿನಲ್ಲಾಗಲಿ ಹಾಸನದಲ್ಲಾಗಲಿ ಹಸಿ ಬೀಜ ಸಿಗುವುದು ಕಷ್ಟವಲ್ಲ. ಪಲ್ಪ್ ಮಾಡಿದ ಅರೇಬಿಕಾದ ದಪ್ಪ ಬೀಜದ ದರ್ಜೆ ಪ್ಲಾಂಟೇಶನ್ ಎ ತೆಗೆದುಕೊಳ್ಳಿ, ಇಲ್ಲವೇ ಪೀಬೆರಿ. ಮೊದಲ ಸಲ ಹುರಿಯುವವರಿಗೆ ನಾನು ಪೀಬೆರಿಯನ್ನೇ ಹೇಳುವುದು. ಹಣ್ಣಿನೊಳಗೆ ಎರಡು ಬೀಜ ಹೊಟ್ಟೆಗೆ ಹೊಟ್ಟೆ ತಾಗಿಸಿ ಬೆಳೆಯುವ ಬದಲು ಒಂದೇ ಬೆಳೆದು ದುಂಡಗಾದದ್ದು ಪೀಬೆರಿ. ಅದಕ್ಕೆ ಚಪ್ಪಟೆ ಹೊಟ್ಟೆ ಇಲ್ಲ, ಬಾಣಲೆಯಲ್ಲಿ ಉರುಳುತ್ತಲೇ ಇರುತ್ತದೆ, ಎಲ್ಲ ಬದಿಯೂ ಕಾಯುತ್ತದೆ. ಚಪ್ಪಟೆ ಬೀಜ ಹೊಟ್ಟೆ ಮೇಲೆ ಮಲಗಿಬಿಟ್ಟರೆ ಏಳುವುದೇ ಇಲ್ಲ, ಆ ಜಾಗ ಸೀದುಹೋಗುತ್ತದೆ.

ಅರೇಬಿಕಾ, ರೋಬಸ್ಟಾ ಎಂಬ ಎರಡು ಜಾತಿಯ ಕಾಫಿಯನ್ನು ಕಲಸಿ ಹುರಿಯಬೇಡಿ. ಎರಡೂ ಒಂದೇ ಹೊತ್ತಿಗೆ ಹದಕ್ಕೆ ಬರುವುದಿಲ್ಲ. ಬೇರೆ ಬೇರೆ ಹುರಿದು ಆಮೇಲೆ ಬೆರೆಸಿ. ಅರೇಬಿಕಾದಲ್ಲೇ ತಳಿ ಬೆರಕೆಯಾಗಿದ್ದರೂ ತೊಂದರೆ ಕಾಣುತ್ತದೆ. ನಮ್ಮ ಹಳೆ ತೋಟಗಳಲ್ಲಿ ಎಸ್. 795 ಇದೆ. ಕೆಂಟ್ ಮತ್ತು ಎಸ್. 288 ಕೂಡಿಸಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಮಾಡಿದ ತಳಿ, 1940ರ ದಶಕದಿಂದ ನಮ್ಮನ್ನು ಸಾಕಿದೆ. ಪಕ್ಕದಲ್ಲೇ ಮರುನಾಟಿ ಮಾಡಿದ ಪಟ್ಟೆಯಲ್ಲಿ ಚಂದ್ರಗಿರಿ ಇರುತ್ತದೆ, ಅದು 2007ರಲ್ಲಿ ಬಂದದ್ದು, ಬೀಜ ದಪ್ಪ. ಎರಡನ್ನೂ ಒಂದೇ ಬಾಣಲೆಗೆ ಹಾಕಿದರೆ ಸಣ್ಣದು ಕಪ್ಪಾಗುವ ಹೊತ್ತಿಗೆ ದಪ್ಪದ್ದು ಇನ್ನೂ ಕಂದು.

200 ಗ್ರಾಂ ತೂಗಿ ಸ್ಟೀಲ್ ತಟ್ಟೆಯಲ್ಲಿ ಹರಡಿ, ಹಗಲು ಬೆಳಕಿನಲ್ಲಿ ಆರಿಸಿ. ಕರಿ ಬೀಜ, ಒಡೆದ ಚೂರು, ಪಲ್ಪರ್ ಕಚ್ಚಿದ್ದು, ಕಾಯಿಕೊರಕ ಹೊಡೆದ ಸೂಜಿತೂತಿನ ಬೀಜ, ಕಲ್ಲು. ಕಲ್ಲನ್ನು ಮಾತ್ರ ಮರೆಯಬೇಡಿ, ಗ್ರೈಂಡರಿನ ಹಲ್ಲು ಹೋದರೆ ದುಬಾರಿ. ಆರಿಸಿದ್ದನ್ನು ಎಸೆಯದೆ ಒಂದು ಬಟ್ಟಲಲ್ಲಿಡಿ. ಪಲ್ಪರ್ ಕಚ್ಚಿದ್ದೇ ಹೆಚ್ಚಿದ್ದರೆ ಮುಂದಿನ ಕೊಯ್ಲಿಗೆ ಮುಂಚೆ ಪಲ್ಪರಿನ ಗ್ಯಾಪ್ ಸರಿಮಾಡಿಸಬೇಕು ಎಂದು ಬರೆದಿಟ್ಟುಕೊಳ್ಳಿ. ಇನ್ನೂ ಒಲೆ ಹಚ್ಚಿಲ್ಲ, ಆಗಲೇ ಒಂದು ಪಾಠ ಸಿಕ್ಕಿತು.

ಪಾತ್ರೆ ದಪ್ಪ ತಳದ ಕಬ್ಬಿಣದ ಬಾಣಲೆ. ನಾನ್‌ಸ್ಟಿಕ್ ಬೇಡ, ಅಷ್ಟು ಕಾವಿನಲ್ಲಿ ಅದರ ಲೇಪ ಹಾಳಾಗುತ್ತದೆ. ಪಾಪ್‌ಕಾರ್ನ್ ಯಂತ್ರದಲ್ಲಿ ಹುರಿಯುವವರಿದ್ದಾರೆ, ಬಿಸಿಗಾಳಿಯಲ್ಲಿ ಬೀಜ ಎಗರಾಡುತ್ತಾ ಬಹಳ ಸಮನಾಗಿ ಬರುತ್ತದೆ, ಆದರೆ 80–100 ಗ್ರಾಂ ಮೀರಿ ಹಿಡಿಸುವುದಿಲ್ಲ. ಬೆಂಗಳೂರಿನ ಫ್ಲಾಟಿನಲ್ಲಿರುವ ನಿಮ್ಮ ಮಕ್ಕಳಿಗೆ ಅದು ಸರಿ. ನಮಗೆ ಹಿತ್ತಲು ಇದೆ, ಬಾಣಲೆ ಸಾಕು. ಅಟ್ಟದ ಮೇಲೆ ಅಜ್ಜನ ಕಾಲದ ಡ್ರಮ್ ಇದ್ದರೆ ತುಕ್ಕು ಉಜ್ಜಿ ಇಳಿಸಿ, ಆದರೆ ಮೊದಲು ಬಾಣಲೆಯಲ್ಲೇ ಕಲಿಯಿರಿ. ಡ್ರಮ್ಮಿನೊಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ, ಮೂಗು ಮತ್ತು ಕಿವಿಯೇ ಗತಿ. ಅವೆರಡೂ ಪಳಗುವುದು ಬಾಣಲೆಯ ಮುಂದೆ.

ಹೊರಗಡೆ ಒಲೆ ಇಟ್ಟುಕೊಳ್ಳಿ. ಹೊಗೆ ಬರುತ್ತದೆ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬರುತ್ತದೆ. ಬೀಜದ ಮೇಲಿನ ತೆಳು ಪೊರೆ ಹೊಟ್ಟಾಗಿ ಹಾರುತ್ತದೆ, ಉರಿಗೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಫೋನು ಬಂತು ಅಂತ ಎದ್ದು ಹೋಗುವ ಕೆಲಸ ಇದಲ್ಲ.

ಬಾಣಲೆ ಚೆನ್ನಾಗಿ ಕಾದ ಮೇಲೆ ಬೀಜ ಸುರಿದು, ಉರಿ ಮಧ್ಯಮಕ್ಕೆ ತಂದು, ಮರದ ಸೌಟಿನಲ್ಲಿ ತಿರುವುತ್ತಲೇ ಇರಿ. ನಿಲ್ಲಿಸುವ ಹಾಗಿಲ್ಲ. ಮೊದಲ ಕೆಲವು ನಿಮಿಷ ಏನೂ ಆಗುವುದಿಲ್ಲ. ಚೆನ್ನಾಗಿ ಒಣಗಿದ ಬೀಜದಲ್ಲೂ ಶೇ. 10–11ರಷ್ಟು ನೀರು ಇರುತ್ತದೆ, ಒಲೆಯ ಕಾವೆಲ್ಲ ಅದನ್ನು ಓಡಿಸುವುದಕ್ಕೇ ಹೋಗುತ್ತದೆ. ಹಸಿರು ಮಾಸುತ್ತದೆ, ಒಣಹುಲ್ಲಿನ ವಾಸನೆ ಬರುತ್ತದೆ. ಆಮೇಲೆ ಬೀಜ ಹಳದಿಗೆ ತಿರುಗಿ ಬ್ರೆಡ್ ಸುಡುವ ವಾಸನೆ ಶುರುವಾಗುತ್ತದೆ. ಇಲ್ಲಿಂದ ಬಣ್ಣ ಬೇಗ ಬೇಗ ಬದಲಾಗುತ್ತದೆ. ಬೀಜದೊಳಗಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕಾವಿಗೆ ಕೂಡಿ ಕಂದು ಬಣ್ಣ, ಕಾಫಿಯ ವಾಸನೆ ಎರಡನ್ನೂ ಕಟ್ಟುವುದು ಈ ಹಂತದಲ್ಲೇ. ಹೊಟ್ಟು ಏಳುತ್ತದೆ, ಬೀಜ ಸುಕ್ಕುಗಟ್ಟಿದ ಹಾಗೆ ಕಂಡು, ಅರಿಶಿನ ಹೋಗಿ ದಾಲ್ಚಿನ್ನಿ ಬಣ್ಣಕ್ಕೆ ಬರುತ್ತದೆ.

ಆಗ ಕಿವಿ ಕೊಡಿ. ಎಲ್ಲೋ ಒಂದು ಬೀಜ ಚಟ್ ಎನ್ನುತ್ತದೆ. ಇನ್ನೊಂದು. ಆಮೇಲೆ ಭತ್ತದ ಅರಳು ಸಿಡಿದ ಹಾಗೆ ಬಾಣಲೆ ತುಂಬ ಚಟಪಟ. ಒಳಗೆ ಸಿಕ್ಕಿಬಿದ್ದ ಆವಿ ಮತ್ತು ಇಂಗಾಲದ ಡೈಆಕ್ಸೈಡ್ ಬೀಜವನ್ನು ಸೀಳಿ ಹೊರಬರುವ ಸದ್ದು ಅದು. ಬೀಜದ ಕಾವು ಆಗ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. 200 ಗ್ರಾಂ ಬೀಜಕ್ಕೆ ಮಧ್ಯಮ ಉರಿಯಲ್ಲಿ ಇಲ್ಲಿಗೆ ಬರಲು ಸುಮಾರು 9ರಿಂದ 12 ನಿಮಿಷ. ಐದೇ ನಿಮಿಷದಲ್ಲಿ ಸಿಡಿದರೆ ಉರಿ ಜಾಸ್ತಿ, ಮೇಲೆ ಕಂದಾಗಿ ಒಳಗೆ ಹಸಿ ಉಳಿದಿರುತ್ತದೆ. ಇಪ್ಪತ್ತು ನಿಮಿಷವಾದರೂ ಸಿಡಿಯದಿದ್ದರೆ ಉರಿ ಸಾಲದು, ಬೀಜ ಹುರಿಯುವ ಬದಲು ಬೇಯುತ್ತಿದೆ, ಲೋಟದಲ್ಲಿ ಸಪ್ಪೆಯಾಗುತ್ತದೆ.

ಮೊದಲ ಸಿಡಿತ ಶುರುವಾದ ಕೂಡಲೇ ಉರಿ ತಗ್ಗಿಸಿ. ಅಲ್ಲಿಯವರೆಗೆ ಕಾವು ಕುಡಿಯುತ್ತಿದ್ದ ಬೀಜ ಈ ಹಂತದಲ್ಲಿ ತಾನೇ ಸ್ವಲ್ಪ ಕಾವು ಬಿಡುತ್ತದೆ. ಉರಿ ಹಾಗೇ ಇಟ್ಟರೆ ಕೈಮೀರಿ ಓಡುತ್ತದೆ. ಸಿಡಿತ ಪೂರ್ತಿ ನಿಂತ ಮೇಲೆ ಸ್ವಲ್ಪ ಹೊತ್ತು ಮೌನ. ಆಮೇಲೆ ಸುಮಾರು 225 ಡಿಗ್ರಿಯ ಹತ್ತಿರ ಎರಡನೇ ಸಿಡಿತ, ಅದರ ಸದ್ದು ಸಣ್ಣದು, ಚಿಟಿಚಿಟಿ, ಬಹಳ ಬೇಗ ಬೇಗ. ಅದರಾಚೆಗೆ ಬೀಜದ ಮೇಲೆ ಎಣ್ಣೆ ಜಿನುಗುತ್ತದೆ, ಹೊಗೆ ನೀಲಿಯಾಗುತ್ತದೆ. ಹಾಲು ಹಾಕಿ ಫಿಲ್ಟರ್ ಕಾಫಿ ಕುಡಿಯುವ ನಮ್ಮ ಬಾಯಿಗೆ ಎರಡು ಸಿಡಿತದ ನಡುವಿನ ಮೌನದ ಕೊನೆಯ ಭಾಗ ಹಿಡಿಸುತ್ತದೆ. ಮೊದಲ ಸಿಡಿತ ಮುಗಿಯುತ್ತಿದ್ದಂತೆ ಇಳಿಸಿದರೆ ಹುಳಿ ಎದ್ದು ಕಾಣುತ್ತದೆ. ಹಾಲಿಲ್ಲದೆ ಕುಡಿಯುವವರು ಅದನ್ನು ಇಷ್ಟಪಡುತ್ತಾರೆ, ನಮ್ಮ ಮನೆ ಹಿರಿಯರು ಲೋಟ ಕೆಳಗಿಟ್ಟು ಹಾಲು ಒಡೆದಿದೆಯಾ ನೋಡು ಎನ್ನುತ್ತಾರೆ. ಎರಡನೇ ಸಿಡಿತ ದಾಟಿಸಿ ಕರ್ರಗೆ ಹುರಿಯುವುದು ನನಗೆ ಸೇರದು. ಅಲ್ಲಿ ಬಾಬಾಬುಡನ್‌ಗಿರಿಯ ಬೀಜವೂ ಬ್ರೆಜಿಲ್ಲಿನ ಬೀಜವೂ ಒಂದೇ ಕಹಿಗೆ ಬರುತ್ತವೆ. ನಮ್ಮ ಕಣದ ಗುಣವನ್ನೂ ಅವಗುಣವನ್ನೂ ಹುರಿತವೇ ಮುಚ್ಚಿಹಾಕುತ್ತದೆ. ಪುಡಿ ಅಂಗಡಿಗಳಿಗೆ ಅದರ ಅನುಕೂಲ ಏನು ಎಂದು ನೀವೇ ಯೋಚಿಸಿ.

ಇಳಿಸುವುದು ಎಂದರೆ ಒಲೆ ಆರಿಸುವುದಲ್ಲ. ಕಬ್ಬಿಣದ ಬಾಣಲೆ ಕಾವು ಹಿಡಿದಿರುತ್ತದೆ, ಬೀಜ ಅದರಲ್ಲೇ ಇದ್ದರೆ ಹುರಿಯುತ್ತಲೇ ಹೋಗುತ್ತದೆ. ತಕ್ಷಣ ಸುರಿಯಬೇಕು. ಪರದೇಶದ ಪುಸ್ತಕಗಳಲ್ಲಿ ಎರಡು ಜಾಲರಿ, ಫ್ಯಾನು, ಹೊಟ್ಟು ಹೀರುವ ಯಂತ್ರ ಎಂದೆಲ್ಲ ಇರುತ್ತದೆ. ನಮ್ಮಲ್ಲಿ ಮೊರ ಇದೆ. ಬಿದಿರಿನ ಮೊರಕ್ಕೆ ಸುರಿದು ಗಾಳಿಗೆ ನಿಂತು ಕೇರಿ. ಬೀಜ ಏಳುತ್ತದೆ, ಬೀಳುತ್ತದೆ, ಪ್ರತಿ ಸಲವೂ ಹೊಟ್ಟು ಮುಂದಕ್ಕೆ ಹಾರಿಹೋಗುತ್ತದೆ, ಬೀಜ ಹಿಂದಕ್ಕೆ ಕೂಡಿಕೊಳ್ಳುತ್ತದೆ. ಒಂದೇ ಕೈಯಾಟದಲ್ಲಿ ಆರುವುದೂ ಆಯಿತು, ಹೊಟ್ಟು ಹೋಗುವುದೂ ಆಯಿತು. ನಾಲ್ಕು ನಿಮಿಷದೊಳಗೆ ಬೀಜ ಕೈಗೆ ಹಿಡಿಯುವ ಹಾಗಾಗಬೇಕು. ಗಂಡಸರಿಗೆ ಒಂದು ಮಾತು: ಕೇರಲು ಬರದಿದ್ದರೆ ಬರುವವರ ಕೈಗೆ ಕೊಡಿ, ಇಲ್ಲದಿದ್ದರೆ ಬೀಜವೂ ಅಂಗಳ ಸೇರುತ್ತದೆ.

ಆರಿದ ಮೇಲೆ ತೂಗಿ. 200 ಗ್ರಾಂ ಹಾಕಿದ್ದು 170ರ ಸುಮಾರಿಗೆ ಬಂದಿರುತ್ತದೆ. ಇದನ್ನು ನಾನು ಎರಡನೇ ಓಟಿ ಎನ್ನುತ್ತೇನೆ. ಶೇ. 12ರಷ್ಟು ತೂಕ ಇಳಿದಿದ್ದರೆ ತಿಳಿ ಹುರಿತ, 15–16 ಆದರೆ ಮಧ್ಯಮ, 18 ದಾಟಿದರೆ ಗಾಢ ಎಂದು ಇಟ್ಟುಕೊಳ್ಳಿ. ಬೆಳಕಿನ ಪ್ರಕಾರ ಬಣ್ಣ ಮೋಸ ಮಾಡುತ್ತದೆ. ದೂರದಿಂದ ಗುರಿಯಿಟ್ಟು ಕಾವು ಅಳೆಯುವ ಗನ್ನು ಬಾಣಲೆಯ ತಳದ ಕಾವನ್ನೂ ಸೇರಿಸಿ ಏನೋ ಒಂದು ತೋರಿಸುತ್ತದೆ. ಅಡುಗೆಮನೆಯ ತಕ್ಕಡಿ ಮೋಸ ಮಾಡುವುದಿಲ್ಲ. ಹೋದ ವಾರ ಚೆನ್ನಾಗಿ ಬಂದ ಹುರಿತ ಈ ವಾರವೂ ಬೇಕೆಂದರೆ ತೂಕ ಬರೆದಿಡುವುದೇ ದಾರಿ.

ಈಗ ನಾನು ಇಷ್ಟು ಹೊತ್ತು ಬರಬೇಕೆಂದಿದ್ದ ಜಾಗ. ಮೊರದಲ್ಲಿರುವ ಬೀಜವನ್ನು ಮತ್ತೆ ಸ್ಟೀಲ್ ತಟ್ಟೆಗೆ ಹರಡಿ ನೋಡಿ.

ಕಂದು ಬೀಜಗಳ ನಡುವೆ ಅಲ್ಲೊಂದು ಇಲ್ಲೊಂದು ಪೇಲವ ಹಳದಿ ಬೀಜ ಕಾಣುತ್ತದೆ. ಎಷ್ಟು ಹುರಿದರೂ ಅವು ಬಣ್ಣ ಹಿಡಿಯುವುದಿಲ್ಲ. ಅವು ಬಲಿಯದ ಕಾಯಿಯವು. ಬಣ್ಣ ಕಟ್ಟಲು ಬೇಕಾದ ಸಕ್ಕರೆಯೇ ಅವುಗಳಲ್ಲಿ ತುಂಬಿರಲಿಲ್ಲ. ಹಸಿ ಬೀಜವಾಗಿದ್ದಾಗ ಒಳ್ಳೆಯದರ ಜತೆ ಒಳ್ಳೆಯದಾಗಿಯೇ ಕೂತಿದ್ದವು, ನೀವು ಆರಿಸುವಾಗಲೂ ಕಣ್ಣಿಗೆ ಬೀಳಲಿಲ್ಲ, ಕ್ಯೂರಿಂಗಿನ ಜರಡಿಯಲ್ಲೂ ದಾಟಿಕೊಂಡು ಬರುತ್ತವೆ. ಒಂದನ್ನು ಬಾಯಿಗೆ ಹಾಕಿ ಅಗಿಯಿರಿ. ಕಡಲೆಕಾಯಿ ಸಿಪ್ಪೆ, ಒಣಹುಲ್ಲು, ಅಷ್ಟೇ ರುಚಿ. ಪಕ್ಕದ ಕಂದು ಬೀಜ ಅಗಿದರೆ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ನೂರು ಬೀಜ ಎಣಿಸಿ, ಅದರಲ್ಲಿ ಪೇಲವ ಎಷ್ಟು ನೋಡಿ. ಅದು ನಿಮ್ಮ ಕೊಯ್ಲಿನ ಅಂಕಪಟ್ಟಿ. ಆಳು ಸಿಗುವುದಿಲ್ಲ, ಮೂರು ಸುತ್ತು ಕೊಯ್ಯಿಸಲು ಆಗುವುದಿಲ್ಲ, ಹಣ್ಣು ಕಾಯಿ ಒಟ್ಟಿಗೆ ಕೊಂಬೆಯಿಂದ ಸವರಿ ಗೀರಿಸಿದೆವು ಎನ್ನುತ್ತೀರಿ. ನನ್ನ ತೋಟದ್ದೂ ಅದೇ ಪಾಡು, ನಾನೇನು ಬೇರೆ ದೇಶದಲ್ಲಿಲ್ಲ. ಆದರೆ ಗೀರಿಸಿದ್ದಕ್ಕೆ ತೆರುವ ಬೆಲೆ ಎಷ್ಟು ಎಂದು ತಟ್ಟೆಯಲ್ಲಿ ಎಣಿಸಿದ ಮೇಲೆ, ಇನ್ನೊಂದು ಸುತ್ತಿನ ಕೂಲಿ ಕೊಡಬೇಕೋ ಬೇಡವೋ ಎನ್ನುವುದು ಊಹೆಯ ಮಾತಾಗಿ ಉಳಿಯುವುದಿಲ್ಲ.

ಇನ್ನು ಒಣಗಿಸಿದ್ದು. ಒಂದೇ ಬೀಜದ ಮೈಯಲ್ಲಿ ಕಪ್ಪು ಕಂದು ಮಚ್ಚೆ ಮಚ್ಚೆಯಾಗಿ ಬಂದಿದೆಯೇ? ಉರಿ ಸರಿಯಿದ್ದೂ ಹಾಗಾಗಿದ್ದರೆ ಕಣದಲ್ಲಿ ದಪ್ಪಗೆ ಹರಡಿ, ಸಾಕಷ್ಟು ಸಲ ಎಳೆದು ತಿರುವದೆ ಬಿಟ್ಟಿದ್ದೀರಿ ಎಂದೇ ಅನುಮಾನಿಸಿ. ಮೇಲಿನದ್ದು ಒಣಗಿ ಅಡಿಯದ್ದು ಹಸಿಯಾಗಿ ಉಳಿದಿರುತ್ತದೆ. ತೇವಾಂಶದಲ್ಲಿ ಪಾರ್ಚ್‌ಮೆಂಟ್ ಶೇ. 10ಕ್ಕೆ, ಅರೇಬಿಕಾ ಚೆರಿ 10.5ಕ್ಕೆ, ರೋಬಸ್ಟಾ ಚೆರಿ 11ಕ್ಕೆ ಬರಬೇಕು ಎಂದು ಬೋರ್ಡಿನವರು ಹೇಳುವುದನ್ನು ನಾವು ತೂಕದ ದೃಷ್ಟಿಯಿಂದ ಮಾತ್ರ ಕೇಳಿಸಿಕೊಳ್ಳುತ್ತೇವೆ. 12ಕ್ಕೇ ಕೊಟ್ಟರೆ ನೀರಿಗೂ ರೇಟು ಸಿಗುತ್ತದಲ್ಲ ಎಂದು. ಬಾಣಲೆಯಲ್ಲಿ ಅದೇ ನೀರು ಅಷ್ಟು ಹೊತ್ತು ಜಾಸ್ತಿ ಕೂತು ಬೀಜವನ್ನು ಬೇಯಿಸುತ್ತದೆ. ಅತಿಯಾಗಿ ಒಣಗಿದ್ದಾದರೆ ಉಲ್ಟಾ, ಮುಟ್ಟಿದರೆ ಸೀಯುತ್ತದೆ.

ವಾಸನೆಯೂ ಹೇಳುತ್ತದೆ. ಬೀಜ ಹಳದಿಯಾಗುವ ಹಂತದಲ್ಲಿ ಬ್ರೆಡ್ಡಿನ ವಾಸನೆಯ ಬದಲು ಹುಳಿ ಹಿಡಿದ ವಾಸನೆ ಬಂದರೆ, ಕೊಯ್ದ ಹಣ್ಣು ಪಲ್ಪರ್ ಮುಟ್ಟುವ ಮುಂಚೆ ಚೀಲದಲ್ಲೇ ರಾತ್ರಿ ಕಳೆದಿದೆ, ಇಲ್ಲವೇ ಬೀಜದ ಲೋಳೆ ಬಿಡಿಸಲು ಇಟ್ಟ ಹುದುಗು ಮೀರಿದೆ. ಮಣ್ಣಿನ, ಬೂಸಲಿನ ವಾಸನೆ ಬಂದರೆ ಕಣದಲ್ಲಿ ಮಳೆ ಹಿಡಿದಿದೆ. ಡಿಸೆಂಬರ್, ಜನವರಿಯಲ್ಲಿ ಅಕಾಲ ಮಳೆ ಬಂದು ಟಾರ್ಪಾಲಿನಡಿ ಕಾಫಿ ಬೆವೆತ ವರ್ಷದ ಬೀಜವನ್ನು ಹುರಿದು ನೋಡಿ, ಆ ಮಳೆ ಬಾಣಲೆಯಿಂದ ಏಳುತ್ತದೆ. ಸಕಲೇಶಪುರದ ಕಡೆಯವರು ಯಾರಾದರೂ ಬಂದಿದ್ದೀರಾ? ನಿಮಗೆ ಇನ್ನೊಂದು: ಮೆಣಸು, ಏಲಕ್ಕಿ ಇಟ್ಟ ಗೋದಾಮಿನಲ್ಲೇ ಕಾಫಿ ಚೀಲ ಇಡಬೇಡಿ. ಕಾಫಿ ಬೀಜ ಪಕ್ಕದವರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಏಲಕ್ಕಿ ಕಾಫಿ ಬೇಕೆಂದರೆ ಏಲಕ್ಕಿ ಹಾಕಿ ಕುಡಿಯೋಣ.

ಮಳೆಗಾಲದ ಮಾತು ಬಂತು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಹವೆಯಲ್ಲಿ ಗೋಣಿಯಲ್ಲಿಟ್ಟ ಹಸಿ ಬೀಜ ತೇವ ಎಳೆದುಕೊಂಡು ಬಿಳಚಿಕೊಳ್ಳುತ್ತದೆ. ಕರಾವಳಿಯಲ್ಲಿ ಇದನ್ನೇ ಹದವಾಗಿ, ಮುಂಗಾರಿನ ಗಾಳಿಗೆ ಬೀಜ ಹರಡಿ, ಹಿಗ್ಗಿಸಿ, ಹುಳಿ ತೆಗೆದು ಮಾನ್ಸೂನ್ಡ್ ಮಲಬಾರ್ ಎಂದು ಮಾರುತ್ತಾರೆ. ಅದು ಬೇಕೆಂದೇ ಮಾಡುವುದು. ನಮ್ಮ ಅಟ್ಟದಲ್ಲಿ ಆಗುವುದು ಬೇಡವೆಂದರೂ ಆಗುವುದು. ಹುರಿಯಲು ಇಟ್ಟುಕೊಂಡ ಬೀಜವನ್ನು ಮೇ ತಿಂಗಳಲ್ಲೇ ಗಟ್ಟಿ ಮುಚ್ಚಳದ ಡಬ್ಬಕ್ಕೆ ತುಂಬಿ.

ಹುರಿದ ದಿನವೇ ಕುಡಿಯಬೇಕೆಂದು ಆಸೆಯಾಗುತ್ತದೆ, ತಡೆಯಿರಿ. ಹೊಸದಾಗಿ ಹುರಿದ ಬೀಜ ಗ್ಯಾಸ್ ಬಿಡುತ್ತಿರುತ್ತದೆ. ಆಗಲೇ ಪುಡಿ ಮಾಡಿ ಫಿಲ್ಟರಿಗೆ ಹಾಕಿದರೆ ಬಿಸಿನೀರು ಬಿದ್ದ ಕೂಡಲೇ ಪುಡಿ ಉಬ್ಬಿ ಏಳುತ್ತದೆ, ನೀರು ಒಂದೇ ಕಡೆ ದಾರಿ ಮಾಡಿಕೊಂಡು ಇಳಿಯುತ್ತದೆ, ಡಿಕಾಕ್ಷನ್ ತೆಳ್ಳಗೆ. ಒಂದು ದಿನವಾದರೂ ಬಿಡಿ, ಎರಡು ಮೂರು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಮೊದಲ ರಾತ್ರಿ ಡಬ್ಬದ ಮುಚ್ಚಳ ಬಿಗಿಯಬೇಡಿ. ಬೀಜವಾಗಿಯೇ ಇಟ್ಟುಕೊಂಡು ಬೇಕಾದಾಗ ಬೇಕಾದಷ್ಟೇ ಪುಡಿ ಮಾಡಿ. ಪುಡಿಯಾದ ಕಾಫಿ ಮಲೆನಾಡಿನ ಗಾಳಿಯಲ್ಲಿ ಬಹಳ ದಿನ ತಡೆಯುವುದಿಲ್ಲ.

ಆಮೇಲೆ ಮನೆಯವರಿಗೆ ಕೊಡುತ್ತೀರಿ. ಅವರು ಒಂದು ಗುಟುಕು ಕುಡಿದು, ಗಟ್ಟಿ ಇಲ್ಲ, ಬಣ್ಣ ಬಂದಿಲ್ಲ, ಅಂಗಡಿಯದ್ದೇ ವಾಸಿ ಎನ್ನುತ್ತಾರೆ. ಖಂಡಿತ ಎನ್ನುತ್ತಾರೆ, ಈಗಲೇ ತಯಾರಾಗಿರಿ. ಅದು ಚಿಕೋರಿಯ ಅಭ್ಯಾಸ. ಗುಜರಾತ್, ಉತ್ತರ ಪ್ರದೇಶದ ಹೊಲದಲ್ಲಿ ಬೆಳೆಯುವ ಆ ಗೆಡ್ಡೆಯನ್ನು ಒಣಗಿಸಿ ಹುರಿದರೆ ಕಪ್ಪು ಬಣ್ಣ, ಸಿಹಿಗಹಿ, ಕಾಫಿಗಿಂತ ಹೆಚ್ಚು ನೀರಿಗೆ ಬಿಡುವ ಸತ್ವ ಎಲ್ಲ ಬರುತ್ತದೆ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು ಎನ್ನುತ್ತದೆ ನಿಯಮ. ಅಂದರೆ 49ರವರೆಗೆ ಚಿಕೋರಿ ಇರಬಹುದು. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಮನೆಗೆ ಹೋಗಿ ಓದಿ. ನನಗೆ ಚಿಕೋರಿ ಮೇಲೆ ದ್ವೇಷವಿಲ್ಲ, ಹಾಕಿ ಕುಡಿಯುವವರು ಕುಡಿಯಲಿ. ನಮ್ಮ ಬೀಜದ ಪರೀಕ್ಷೆಗೆ ಮಾತ್ರ ಬೇಡ. ಗಟ್ಟಿ ಬೇಕೇ ಬೇಕು ಎನ್ನುವವರು ಒಳ್ಳೆಯ ರೋಬಸ್ಟಾ ಪಾರ್ಚ್‌ಮೆಂಟ್ ಕಾಲುಭಾಗ ಬೆರೆಸಿ ನೋಡಿ. ಹಾಲಿನಲ್ಲಿ ಅದು ಎದ್ದು ನಿಲ್ಲುತ್ತದೆ. ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು, ರಾತ್ರಿ ನಿದ್ದೆ ಬರದಿದ್ದರೆ ನನ್ನನ್ನು ಬೈಯಬೇಡಿ.

ಮುಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಮಿಕ್ಸಿಯಲ್ಲಿ ಪುಡಿ ಮಾಡಬಹುದೇ ಎಂದು. ಮಾಡಬಹುದು. ಒಂದೇ ಸಲ ಓಡಿಸದೆ ಎರಡು ಮೂರು ಸೆಕೆಂಡು ಬಿಟ್ಟು ಬಿಟ್ಟು ಓಡಿಸಿ, ನಡುವೆ ಜಾರು ಅಲ್ಲಾಡಿಸಿ, ಕೊನೆಗೆ ಜರಡಿ ಹಿಡಿಯಿರಿ. ಅರ್ಧ ಧೂಳು ಅರ್ಧ ನುಚ್ಚು ಆಗುವುದೇ ಮಿಕ್ಸಿಯ ದೋಷ. ಧೂಳು ಫಿಲ್ಟರಿನ ತೂತು ಮುಚ್ಚುತ್ತದೆ.

ಇನ್ನೊಬ್ಬರದ್ದು ಒಳ್ಳೆಯ ಪ್ರಶ್ನೆ. ಹುರಿದು ನೋಡಿದೆವು, ರುಚಿಯನ್ನು ಹೋಲಿಸುವುದು ಹೇಗೆ, ನಮಗೇನು ವ್ಯಾಪಾರಿಗಳ ನಾಲಿಗೆ ಇದೆಯೇ? ನಾಲಿಗೆ ಎಲ್ಲರಿಗೂ ಇದೆ, ಎರಡು ಲೋಟ ಪಕ್ಕಪಕ್ಕ ಇಡದ ಕಾರಣ ಅದು ಪಳಗಿಲ್ಲ. ಬೆಂಗಳೂರಿನಲ್ಲಿ ಕಾಫಿ ಬೋರ್ಡಿನ ಗುಣಮಟ್ಟ ವಿಭಾಗ ಇದೆ, ಹುರಿಯುವುದನ್ನೂ ಕುದಿಸುವುದನ್ನೂ ಕಲಿಸುವ ಕಾಪಿ ಶಾಸ್ತ್ರ ತರಬೇತಿ ಅವರದ್ದೇ. ಆಸಕ್ತಿ ಇದ್ದವರು ಹೋಗಿಬನ್ನಿ. ಮನೆಯಲ್ಲೇ ಶುರುಮಾಡುವುದಾದರೆ ಹೀಗೆ ಮಾಡಿ. ಈ ಸಲ ಮೊದಲ ಕೊಯ್ಲಿನದು, ನಡುವಿನದು, ಕೊನೆಯಲ್ಲಿ ಗೀರಿದ್ದು, ಮೂರರಿಂದಲೂ ಅರ್ಧರ್ಧ ಕೆ.ಜಿ. ಬೇರೆ ಬೇರೆ ಡಬ್ಬದಲ್ಲಿಡಿ, ತಾರೀಖು, ಪಟ್ಟೆಯ ಹೆಸರು, ಕಣದಲ್ಲಿ ಎಷ್ಟು ದಿನ ಇತ್ತು ಎಂದು ಬರೆದು ಅಂಟಿಸಿ. ಮೂರನ್ನೂ ಒಂದೇ ತೂಕ ಇಳಿಯುವ ಹಾಗೆ ಹುರಿದು, ಮಾರನೇ ದಿನ ತರಿಯಾಗಿ ಪುಡಿ ಮಾಡಿ. ಒಂದೊಂದು ಗಾಜಿನ ಲೋಟಕ್ಕೆ 8 ಗ್ರಾಂ ಪುಡಿ, ಅದರ ಮೇಲೆ ಕುದಿ ಇಳಿದ ನೀರು 150 ಮಿ.ಲೀ. ನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಮೇಲೆ ಕಟ್ಟಿದ ಕೆನೆಯನ್ನು ಚಮಚದಲ್ಲಿ ಒಡೆದು, ಮೂಗು ಹತ್ತಿರ ತಂದು ವಾಸನೆ ನೋಡಿ, ತೇಲುವ ಪುಡಿ ತೆಗೆದು, ಬೆಚ್ಚಗಾದ ಮೇಲೆ ಚಮಚದಲ್ಲಿ ಸದ್ದು ಮಾಡಿಕೊಂಡು ಹೀರಿ. ಹಾಲು ಸಕ್ಕರೆ ಇಲ್ಲ. ತಣ್ಣಗಾದ ಮೇಲೆ ಮತ್ತೊಮ್ಮೆ ಹೀರಿ, ಬಿಸಿಯಲ್ಲಿ ಅಡಗಿದ ದೋಷ ತಣ್ಣಗಾದಾಗ ಹೊರಬರುತ್ತದೆ. ಯಾವ ಲೋಟ ಯಾವುದು ಎಂದು ಬರೆದ ಚೀಟಿ ಲೋಟದ ಅಡಿಯಲ್ಲಿರಲಿ, ಕುಡಿಯುವವರಿಗೆ ಕಾಣಬಾರದು. ತೋಟದ ಲೆಕ್ಕ ಬರೆಯುವ ರೈಟರನ್ನೂ ಕೊಯ್ಯುವ ಹೆಂಗಸರನ್ನೂ ಕೂರಿಸಿಕೊಳ್ಳಿ. ಮೂರೂ ಲೋಟ ಅವರ ಕೈಗೆ ಮೊದಲು ಕೊಟ್ಟು, ಯಾವುದು ಗೀರಿದ್ದು ಎಂದು ಅವರಿಂದಲೇ ಹೇಳಿಸಿ. ಆಮೇಲೆ ಚೀಟಿ ತೆಗೆಯಿರಿ.